ಬೇಂಕಿನ ಶಿಲ್ಕು ಮತ್ತು ನಮ್ಮ ದುಡಿಮೆ



ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಹೊಟೇಲುಗಳಲ್ಲಿ ದುಡಿಯುವ ನಾವು ಒಂದೇ ಕಡೆ ನೆಲೆ ನಿಲ್ಲುವವರಲ್ಲ. ಹೋದಲ್ಲೆಲ್ಲ ಮಾಲಕರು ಸಂಬಳಕ್ಕೆಂದು ಹೊಸ ಖಾತೆ ತೆರೆಸುತ್ತಾರೆ. ಕೆಲಸ ಬಿಟ್ಟ ಮೇಲೆ ಆ ಖಾತೆಯನ್ನು ನಾವು ಮರೆಯುತ್ತೇವೆ, ಬೇಂಕು ಮರೆಯುವುದಿಲ್ಲ. ಸಂಬಳ ಬೀಳುವುದು ನಿಂತು ಕೆಲವು ತಿಂಗಳಾದರೆ ಅದು ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ. ಕನಿಷ್ಠ ಶಿಲ್ಕಿನ ನಿಯಮವಿರುವ ಬೇಂಕಾದರೆ ದಂಡವೂ ಶುರುವಾಗುತ್ತದೆ.

ತಿಂಗಳ ಕೊನೆಗೆ ಹಣವಿದ್ದರೆ ಸಾಕೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಹಾಗಲ್ಲ. ಅನೇಕ ಬೇಂಕುಗಳು ದಿನದಿನದ ಶಿಲ್ಕನ್ನು ಕೂಡಿಸಿ ಸರಾಸರಿ ತೆಗೆಯುತ್ತವೆ. 15,000 ರೂ. ಸಂಬಳ ಎರಡು ದಿನ ಖಾತೆಯಲ್ಲಿದ್ದು, ಮೂರನೆಯ ದಿನ ಊರಿಗೆ ಕಳುಹಿಸಿ 500 ರೂ. ಉಳಿಸಿದೆವೆನ್ನಿ. 30 ದಿನಗಳ ಸರಾಸರಿ 1,500 ರೂ. ಕೂಡ ಆಗುವುದಿಲ್ಲ.

2019-20ರಿಂದ 2023-24ರ ವರೆಗಿನ ಐದು ವರ್ಷಗಳಲ್ಲಿ ಸರಕಾರಿ ಬೇಂಕುಗಳು ಈ ದಂಡವೆಂದು ಸುಮಾರು 8,500 ಕೋಟಿ ರೂ. ವಸೂಲು ಮಾಡಿದುವೆಂದು 2024ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಇದ್ದವನಿಗೆ ಬಡ್ಡಿ, ಇಲ್ಲದವನಿಗೆ ದಂಡ. ಇದು ಯಾವ ನ್ಯಾಯ?

ನಮ್ಮ ಊರಿನ ಬೇಂಕುಗಳ ದಾರಿ ಬೇರೆಯಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬೇಂಕು 1928ರಲ್ಲಿ ಪಿಗ್ಮಿ ಠೇವಣಿ ತೆರೆದು, ಮನೆಬಾಗಿಲಿಗೇ ಏಜಂಟರನ್ನು ಕಳುಹಿಸಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿತು. 2020ರಲ್ಲಿ ಅದು ಕೆನರಾ ಬೇಂಕಿನಲ್ಲಿ ವಿಲೀನವಾಯಿತು. ಕೆನರಾ ಬೇಂಕು 2025ರ ಜೂನ್ 1ರಿಂದ ಉಳಿತಾಯ ಖಾತೆಗಳ ಮೇಲಿನ ಈ ದಂಡವನ್ನು ಕೈಬಿಟ್ಟಿತು. ಸ್ಟೇಟ್ ಬೇಂಕು 2020ರಲ್ಲೇ ಬಿಟ್ಟಿತ್ತು. ಆದರೆ ಐಸಿಐಸಿಐ ಬೇಂಕು 2025ರ ಆಗಸ್ಟಿನಲ್ಲಿ ನಗರಗಳ ಹೊಸ ಖಾತೆಗಳಿಗೆ 50,000 ರೂ. ಸರಾಸರಿ ಶಿಲ್ಕು ಬೇಕೆಂದಿತು. ಜನ ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಒಟ್ಟಾಗಿ ಕೇಳಿದರೆ ಬೇಂಕಿಗೂ ಕಿವಿ ಬರುತ್ತದೆ.

ನಾವು ಮಾಡಬೇಕಾದುದಿಷ್ಟು. ಕೆಲಸ ಬಿಟ್ಟ ತಿಂಗಳೇ ಬೇಡವಾದ ಖಾತೆಯನ್ನು ಮುಚ್ಚಿಸೋಣ. ಬೇಕಿದ್ದರೆ ಅರ್ಜಿ ಕೊಟ್ಟು ಮೂಲ ಉಳಿತಾಯ ಖಾತೆಯಾಗಿ ಮಾಡಿಸೋಣ. ಇದಕ್ಕೆ ಕನಿಷ್ಠ ಶಿಲ್ಕು ಬೇಡವೆಂದು ರಿಸರ್ವ್ ಬೇಂಕು 2012ರಲ್ಲಿ ಎಲ್ಲ ಬೇಂಕುಗಳಿಗೂ ವಿಧಿಸಿದೆ. ಆದರೆ ಅದೇ ಬೇಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು.

ಶಿಲ್ಕು ಇಳಿದರೆ ಬೇಂಕು ಮೊದಲು ತಿಳಿಸಿ, ತುಂಬಲು ಒಂದು ತಿಂಗಳಾದರೂ ಕೊಡಬೇಕು. ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗಿಳಿಯಕೂಡದು. ಇದು 2014ರ ಆದೇಶ, 2015ರ ಏಪ್ರಿಲ್ 1ರಿಂದ ಜಾರಿ. ನಮ್ಮ ಮೊಬೈಲು ನಂಬರು ಬದಲಾಗಿದ್ದರೆ ಆ ಸೂಚನೆ ಕೈಸೇರದು. ಹೊಸ ನಂಬರನ್ನು ಬೇಂಕಿಗೆ ಬರೆದುಕೊಡೋಣ. ಅನ್ಯಾಯವಾದರೆ ಬೇಂಕಿಗೇ ಲಿಖಿತ ದೂರು ಕೊಟ್ಟು ರಸೀದಿ ಪಡೆಯೋಣ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬೇಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಫಾರ್ಮು ಓದಲು ಬಾರದೆಂದು ಯಾರೂ ಸಂಕೋಚಪಡಬೇಡಿ. ಪಾಸ್‌ಬುಕ್ಕು ಹಿಡಿದು ಸಂಘಕ್ಕೆ ಬನ್ನಿ. ಬರೆಯಬಲ್ಲವರು ಬರೆಯಬಾರದವರಿಗೆ ಬರೆದುಕೊಡೋಣ. ಬೆವರು ಸುರಿಸಿ ಗಳಿಸಿದ್ದು ನಮ್ಮ ಹಣ, ಅದರ ಲೆಕ್ಕ ಕೇಳುವುದು ನಮ್ಮ ಹಕ್ಕು.