ಬಾಗಿಲು ಮುಚ್ಚಿ ಹಾಡಿದ ಪೂಜೆ



ವಿಲಿಯಂ ಬರ್ಡ್ ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಅರಮನೆಯಲ್ಲಿ ಪ್ರಾರ್ಥನೆಯ ಗಾಯಕ. ಸಂಗೀತ ಪುಸ್ತಕ ಅಚ್ಚು ಹಾಕಿಸುವ ಹಕ್ಕನ್ನೇ ರಾಣಿ 1575ರಲ್ಲಿ ಅವನಿಗೂ ಹಿರಿಯ ಥಾಮಸ್ ಟ್ಯಾಲಿಸ್‌ಗೂ ಬರೆದುಕೊಟ್ಟಿದ್ದಳು. ಆದರೆ ರಾಣಿಯದು ಪ್ರಾಟೆಸ್ಟಂಟ್ ಚರ್ಚು, ಬರ್ಡ್ ಕ್ಯಾಥೊಲಿಕ್. ಆಗ ಅದು ಸಣ್ಣ ಮಾತಲ್ಲ. ರಾಣಿಯ ಚರ್ಚಿಗೆ ಹೋಗದವರಿಗೆ ತಿಂಗಳಿಗೆ 20 ಪೌಂಡ್ ದಂಡ. ಕ್ಯಾಥೊಲಿಕ್ ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಮರಣದಂಡನೆಯೂ ಆಗಬಹುದಿತ್ತು. ಎಸೆಕ್ಸ್‌ನ ಇಂಗೇಟ್‌ಸ್ಟೋನ್‌ನಲ್ಲಿ ಪೀಟರ್ ಮನೆತನದ ಬಂಗಲೆಯಿದೆ. ಪಾದ್ರಿಗಳು ಅಡಗಿ ಕೂರುವ ಕಿರುಗೂಡುಗಳು ಅದರ ಗೋಡೆಯೊಳಗೆ ಇಂದಿಗೂ ಇವೆ. ಬರ್ಡ್ ಆ ಮನೆತನಕ್ಕೆ ಆಪ್ತ.

1590ರ ದಶಕದಲ್ಲಿ ಆತ ಕ್ಯಾಥೊಲಿಕರ ಲ್ಯಾಟಿನ್ ಬಲಿಪೂಜೆಗೆ ಮೂರು ಕೃತಿಗಳನ್ನು ರಚಿಸಿದ: ಒಂದು ಮೂರು ಧ್ವನಿಗೆ, ಒಂದು ನಾಲ್ಕಕ್ಕೆ, ಇನ್ನೊಂದು ಐದಕ್ಕೆ. ಮನೆಯೊಳಗೆ ಗುಟ್ಟಾಗಿ ಹಾಡಲು ದೊಡ್ಡ ವೃಂದ ಬೇಕಿಲ್ಲ, ಮನೆಮಂದಿ ಸಾಕು. ಅಚ್ಚಾದ ಪುಸ್ತಕಕ್ಕೆ ಮುಖಪುಟವಿಲ್ಲ, ಮುದ್ರಕನ ಹೆಸರಿಲ್ಲ, ಇಸವಿಯೂ ಇಲ್ಲ. ಇಷ್ಟೆಲ್ಲ ಮುಚ್ಚಿಟ್ಟವನು ಪುಟದ ಮೇಲೆ ತನ್ನ ಹೆಸರನ್ನು ಮಾತ್ರ ಬಿಟ್ಟಿದ್ದಾನೆ. ಧೈರ್ಯವೋ, ಕಲಾವಿದನ ಅಭಿಮಾನವೋ! ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ, ಅದರಲ್ಲಿ ಅವರವರ ಸ್ವರಗಳಷ್ಟೇ. ಪಕ್ಕದವರು ಏನು ಹಾಡುತ್ತಾರೆಂದು ಕಿವಿಗೊಟ್ಟೇ ತಿಳಿಯಬೇಕು.

ನಾಲ್ಕು ಧ್ವನಿಯ ಪೂಜೆಯ ಕೊನೆಯ ಭಾಗ ನನಗೆ ಬಹಳ ಇಷ್ಟ. ಮೊದಲು ಎರಡು ಧ್ವನಿ, ಆಮೇಲೆ ಮೂರು, ಕಡೆಗೆ ನಾಲ್ಕೂ ಸೇರುತ್ತವೆ. ಶಾಂತಿ ಬೇಡುವ ಮಾತು ಬಂದಾಗ ಒಂದು ಧ್ವನಿ ಮುಂದೆ ಸರಿದರೂ ಇನ್ನೊಂದು ಹಿಡಿದ ಸ್ವರ ಬಿಡುವುದಿಲ್ಲ. ಎರಡೂ ಒಂದಕ್ಕೊಂದು ಉಜ್ಜಿ ಕ್ಷಣಕಾಲ ಕಿವಿಗೆ ಚುಚ್ಚುತ್ತವೆ. ಮರುಗಳಿಗೆ ಸ್ವರ ಹಿಡಿದಿದ್ದ ಧ್ವನಿ ಒಂದು ಮೆಟ್ಟಿಲು ಇಳಿದು ಹೊಂದಿಕೊಳ್ಳುತ್ತದೆ. ಅಷ್ಟರಲ್ಲಿ ಮತ್ತೊಂದು ಚುಚ್ಚು. ಭಾಷೆ ತಿಳಿಯದಿದ್ದರೂ ಬೇಡಿಕೆಯ ತೀವ್ರತೆ ತಿಳಿಯುತ್ತದೆ.

ಸಿಕ್ಕಿಬೀಳುವ ಭಯ ಸುಳ್ಳಾಗಿರಲಿಲ್ಲ. 1605ರಲ್ಲಿ ಬರ್ಡನ ಇನ್ನೊಂದು ಲ್ಯಾಟಿನ್ ಸಂಗ್ರಹ ಕೈಯಲ್ಲಿತ್ತೆಂದು ಲಂಡನ್ನಿನಲ್ಲಿ ಒಬ್ಬನನ್ನು ಜೈಲಿಗೆ ಹಾಕಿದರು. ಬರ್ಡ್ ಕೂಡ ಕೋರ್ಟು, ದಂಡ ಎಂದು ಅಲೆದವನೇ. ಆದರೂ ಅದೇ ಕೈಯಿಂದ ರಾಣಿಯ ಚರ್ಚಿಗೂ ಇಂಗ್ಲಿಷ್ ಪ್ರಾರ್ಥನಾಗೀತೆಗಳನ್ನು ಬರೆದ, ಅವೂ ಅರೆಮನಸ್ಸಿನವಲ್ಲ. ಇದನ್ನು ಇಬ್ಬಂದಿತನ ಎನ್ನಲು ನನಗೆ ನಾಲಿಗೆ ಬಾರದು. ಅರಮನೆಗೂ ಅವನು ಬೇಕಾಗಿದ್ದ.

1623ರ ಜುಲೈ 4ರಂದು ಬರ್ಡ್ ತೀರಿಕೊಂಡ. ಅರಮನೆಯ ಗಾಯಕರ ದಫ್ತರದಲ್ಲಿ ಈ ಸಾವನ್ನು ದಾಖಲಿಸಿದ ಗುಮಾಸ್ತ, ಇವನ ಹೆಸರಿನ ಪಕ್ಕದಲ್ಲಿ ಸಂಗೀತದ ಪಿತಾಮಹ ಎಂದೂ ಸೇರಿಸಿದ.