ಒಣಗಿದ ಬಾಯಿ, ಕೇಳದೆ ಬಿಟ್ಟ ಪ್ರಶ್ನೆ

ಪೀಣ್ಯ, ದಾಸರಹಳ್ಳಿ, ನಾಗಸಂದ್ರದ ದಂತವೈದ್ಯ ಮಿತ್ರರೆ, ಕಾರ್ಖಾನೆಗಳಿಂದ ಬಂದಿರುವ ಕಾರ್ಮಿಕ ಕಲ್ಯಾಣಾಧಿಕಾರಿಗಳೆ,

ಗಾಂಜಾ ಸೇದುವವರ ಬಾಯಿ ಒಣಗುವುದರ ಮೇಲೊಂದು ವಿಚಾರ ಸಂಕಿರಣ ಎಂದಾಗ ಕೆಲವರು ನಕ್ಕರು. ಚಟವೇ ಅಷ್ಟು ದೊಡ್ಡದಿರುವಾಗ ನಾಲಿಗೆಯ ಚಿಂತೆ ಯಾಕೆ ಎಂಬುದು ಅವರ ಮಾತು. ಚಟ ಬಿಡಿಸಿ ಎಂದು ನಮ್ಮ ಕುರ್ಚಿಗೆ ಯಾರೂ ಬರುವುದಿಲ್ಲ. ಹಲ್ಲು ಜುಮ್ಮೆನ್ನುತ್ತದೆ ಎಂದು ಬರುತ್ತಾರೆ. ಅದಕ್ಕೇ ಈ ಸಂಕಿರಣ.

ಎರಡನೇ ಪಾಳಿಯ ಹುಡುಗನೊಬ್ಬ ಬಾಯಿ ತೆರೆಯುತ್ತಾನೆ. ಒಳಗಿಟ್ಟ ಕನ್ನಡಿ ಕೆನ್ನೆಗೆ ಅಂಟಿಕೊಳ್ಳುತ್ತದೆ, ಮೆಲ್ಲಗೆ ಬಿಡಿಸಬೇಕು. ನಾಲಿಗೆಯಡಿ ಜೊಲ್ಲು ನಿಂತಿಲ್ಲ, ಇರುವಷ್ಟೂ ನೊರೆ. ಒಸಡಿನ ಅಂಚಿನುದ್ದಕ್ಕೂ ಬಿಳಿ ಕಲೆ, ಹುಳುಕಿನ ಮೊದಲ ಹಂತ. ಕೇಳಿದರೆ, "ಪೌಡರ್ ಕೋಟಿಂಗ್ ಓವನ್ ಹತ್ರ ಕೆಲ್ಸ ಸಾರ್, ಸೆಖೆ" ಎನ್ನುತ್ತಾನೆ. ಸುಳ್ಳೇನಲ್ಲ. ಆದರೆ ಸೆಖೆಗೆ ಒಣಗಿದ ಬಾಯಿ ಎರಡು ಲೋಟ ನೀರಿಗೆ ದಾರಿಗೆ ಬರುತ್ತದೆ. ಇದು ಬರುವುದಿಲ್ಲ.

ನಾವು ಸುಮ್ಮನಿರುವಾಗ ಬಾಯಿಗೆ ಬರುವ ಜೊಲ್ಲಿನ ಹೆಚ್ಚಿನ ಪಾಲು ದವಡೆಯ ಕೆಳಗಿನ ಗ್ರಂಥಿಯದು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಬಂದರೆ ಅದು ಒಸರುತ್ತದೆ. ಗಾಂಜಾದ ಟಿಎಚ್‌ಸಿ ನರದ ಮೇಲಿನ ಸಿಬಿ1 ಗ್ರಾಹಕಕ್ಕೆ ಕೂತು ಆ ಸಂದೇಶವನ್ನೇ ತಡೆಯುತ್ತದೆ. ಗ್ರಂಥಿಯಲ್ಲಿ ಇಂಥ ಗ್ರಾಹಕಗಳಿರುವುದನ್ನು 2006ರಲ್ಲಿ ಅರ್ಜೆಂಟೀನಾದ ಸಂಶೋಧಕರು ಇಲಿಗಳಲ್ಲಿ ಕಂಡರು. 2022ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದವರೂ ಇಲಿಗಳಲ್ಲೇ ಈ ತಡೆ ಹೇಗಾಗುತ್ತದೆಂದು ತೋರಿಸಿದರು. ಈ ಬಡಾವಣೆಗಳವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುವುದಾದರೆ, ಟ್ಯಾಂಕಿನಲ್ಲಿ ನೀರಿದೆ, ವಾಲ್ವ್ ತಿರುಗಿಸುವವನು ಬಂದಿಲ್ಲ.

ಭಾಂಗ್ ಕುಡಿದರೂ ಇದೇ ಕಥೆ, ಶುರುವಾಗುವುದು ತಡ, ಇರುವುದು ಹೆಚ್ಚು ಹೊತ್ತು. 2022ರಲ್ಲಿ ನಮ್ಮ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ, ಭಾಂಗ್ 1985ರ ಎನ್‌ಡಿಪಿಎಸ್ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದಿತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆ ಕಡೆಯ ಹುಡುಗರು ಪೀಣ್ಯದ ಶೆಡ್ಡುಗಳಲ್ಲೂ ಇದ್ದಾರೆ. ಕಾನೂನು, ಭಕ್ತಿ ಏನೇ ಹೇಳಲಿ, ಗ್ರಂಥಿಗೆ ಆ ಭೇದ ಗೊತ್ತಿಲ್ಲ.

ಹಲ್ಲು ಕೆಡುವುದು ಆಮೇಲೆ. ಬಾಯಾರಿದವನು ತಣ್ಣನೆಯ ಸಿಹಿ ಸೋಡಾ ಹಿಡಿದು ಗಂಟೆಗಟ್ಟಲೆ ಗುಟುಕರಿಸುತ್ತಾನೆ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಆಮ್ಲವನ್ನು ತೊಳೆಯಬೇಕಾದ ಜೊಲ್ಲೇ ಇಲ್ಲ. ಮೇಲೆ ಗುಟ್ಕಾ ಬಿದ್ದರೆ ಕೇಳುವುದೇ ಬೇಡ. ಉಪಶಮನಕ್ಕೆ ದುಬಾರಿ ಔಷಧ ಬೇಕಿಲ್ಲ: ಬರಿಯ ನೀರನ್ನು ಆಗಾಗ ಗುಟುಕರಿಸಲಿ, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯಲಿ, ಫ್ಲೋರೈಡ್ ಪೇಸ್ಟಿನಲ್ಲಿ ಎರಡು ಹೊತ್ತು ಉಜ್ಜಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬರೆದುಕೊಡಬೇಡಿ, ಇನ್ನಷ್ಟು ಒಣಗಿಸುತ್ತದೆ. ಇವೆಲ್ಲ ತಾತ್ಕಾಲಿಕ, ಸೇದುವುದು ನಿಂತರೆ ಜೊಲ್ಲು ತಾನೇ ಮರಳುತ್ತದೆ.

ಹಾಗೆಂದು ಒಣಬಾಯಿ ಕಂಡಲ್ಲೆಲ್ಲ ಗಾಂಜಾ ಕಾಣಬೇಡಿ. ಸಕ್ಕರೆ ಕಾಯಿಲೆ, ಅಲರ್ಜಿ ಮತ್ತು ಖಿನ್ನತೆಯ ಮಾತ್ರೆಗಳು, ಶೋಗ್ರೆನ್ ಕಾಯಿಲೆ ಎಲ್ಲವೂ ಬಾಯಿ ಒಣಗಿಸುತ್ತವೆ. ಐದು ನಿಮಿಷ ಜೊಲ್ಲನ್ನು ಅಳತೆ ಬಟ್ಟಲಿಗೆ ಉಗಿಸಿ ನೋಡಿ, ನಿಮಿಷಕ್ಕೆ 0.1 ಮಿಲಿಗಿಂತ ಕಡಿಮೆಯಾದರೆ ಜೊಲ್ಲು ನಿಜಕ್ಕೂ ಸಾಲದು. ಇಷ್ಟು ಸುಲಭದ ಪರೀಕ್ಷೆಯನ್ನು ನಾವ್ಯಾರೂ ಮಾಡುವುದಿಲ್ಲ ಎಂಬುದು ನನ್ನ ದೂರು.

ಬೀಡಿ, ಗುಟ್ಕಾ ಕೇಳುವಷ್ಟೇ ಸಲೀಸಾಗಿ ಗಾಂಜಾವನ್ನೂ ಕೇಳಿ. ಅಡ್ರಿನಲಿನ್ ಇರುವ ಅರಿವಳಿಕೆ ಕೊಡುವ ಮುಂಚೆಯಂತೂ ಕೇಳಲೇಬೇಕು; ಗಾಂಜಾ ಎದೆಬಡಿತವನ್ನು ಮೊದಲೇ ಏರಿಸಿರುತ್ತದೆ. ಹುಡುಗನಿಗೆ ಭಯ ಇರುವುದು ಪೊಲೀಸರದು, ಮೇಸ್ತ್ರಿಯದು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಷರತ್ತುಗಳೊಂದಿಗೆ ರಕ್ಷಣೆ ಕೊಟ್ಟಿದೆ ಎಂದು ಅವನಿಗೆ ತಿಳಿಸಿ. ಕಲ್ಯಾಣಾಧಿಕಾರಿಗಳೆ, ನಾವು ಕಳಿಸುವ ಚೀಟಿಯಲ್ಲಿ ಹಲ್ಲಿನ ವಿಷಯ ಬಿಟ್ಟು ಬೇರೇನೂ ಇರುವುದಿಲ್ಲ, ಅದನ್ನು ಹುಡುಕಲೂ ಬೇಡಿ. ನಶಾಮುಕ್ತಿ ಸಹಾಯವಾಣಿ 14446 ಉಚಿತ. ಆ ಸಂಖ್ಯೆಯನ್ನು ಇಂದೇ ನಿಮ್ಮ ಕ್ಯಾಂಟೀನಿನ ಗೋಡೆಗೆ ಅಂಟಿಸಿ.