ದೂರು ಕೊಡುವ ಮುನ್ನ



ಇಂಗ್ಲೆಂಡಿನಲ್ಲಿರುವ ಮಗಳ ಚಿಂತೆಯನ್ನು ಸದಸ್ಯರೊಬ್ಬರು ನನ್ನಲ್ಲಿ ತೋಡಿಕೊಂಡರು. ಅಲ್ಲಿನ ಸ್ಥಳೀಯ ಸಂಸ್ಥೆಯ ಮಕ್ಕಳ ಸೇವಾ ವಿಭಾಗ ಮೊಮ್ಮಗನ ಬಗ್ಗೆ ಬರೆದ ವರದಿ ತಪ್ಪಂತೆ. "ಓಂಬುಡ್ಸ್‌ಮನ್ ರದ್ದು ಮಾಡುವರೇ?" ಎಂದರು.

ಇಲ್ಲ. ಸಂಘದಲ್ಲಿ ಹಾಲನ್ನು ಕಲಕದೆ ಮಾದರಿ ತೆಗೆದರೆ ಮರುಪರೀಕ್ಷೆ ಕೇಳಬಹುದು. ವಿಸ್ತರಣಾಧಿಕಾರಿಯಾದ ನಾನೇ ಫ್ಯಾಟ್ ಹೆಚ್ಚಿಸಿ ಬರೆಯಲಾರೆ. ಅಲ್ಲಿಯೂ ಹಾಗೆಯೇ. ವರದಿ 45 ಕೆಲಸದ ದಿನಗಳೊಳಗೆ ಮುಗಿಯಿತೇ, ತಾಯಿಯ ಮಾತು ಕೇಳಿದರೇ ಎಂದು ಓಂಬುಡ್ಸ್‌ಮನ್ ವಿಚಾರಿಸುವರು. ಕ್ರಮ ಸರಿಯಿದ್ದರೆ ತೀರ್ಮಾನವನ್ನು ಪ್ರಶ್ನಿಸರು. ನ್ಯಾಯಾಲಯ ತೀರ್ಮಾನಿಸಿದ್ದನ್ನಂತೂ ಮುಟ್ಟರು. ತಪ್ಪು ಕಂಡರೆ ಕ್ಷಮಾಪಣೆ, ಪರಿಹಾರ, ಮರುಪರಿಶೀಲನೆಗೆ ಶಿಫಾರಸು ಮಾಡುವರು.

ಆದ್ದರಿಂದ ಮಗಳು ಮೊದಲು ಆ ಸಂಸ್ಥೆಗೇ ಲಿಖಿತ ದೂರು ಕೊಡಲಿ. ಪತ್ರಗಳನ್ನು ಜೋಪಾನವಾಗಿಡಲಿ. ಅಲ್ಲಿ ಬಗೆಹರಿಯದಿದ್ದರೆ, ವಿಷಯ ತಿಳಿದ 12 ತಿಂಗಳೊಳಗೆ ಓಂಬುಡ್ಸ್‌ಮನ್‌ಗೆ ಬರೆಯಲಿ. ಇದಕ್ಕೆ ಶುಲ್ಕವಿಲ್ಲ.